ಒಂಬತ್ತು ಎಂದರೆ ಉತ್ತರವಿಲ್ಲ

ಡೆಕ್ಕನ್ನಿನ ಹಿಂದಿನ ಗಲ್ಲಿ, ಎರಡನೆಯ ಮಹಡಿ,
ಕೆಳಗೆ ಬೇಕರಿ. ಮಧ್ಯಾಹ್ನ ಮೂರಕ್ಕೆ
ಶ್ರೂಸ್‌ಬರಿಯ ಘಮ ಮೆಟ್ಟಿಲು ಹತ್ತಿ ಬರುತ್ತದೆ.
ಶ್ರೂಸ್‌ಬರಿ ಒಂದು ಊರು, ಅಲ್ಲೂ ಓಟು ನಡೆಯುತ್ತದೆ
ಎಂದು ತಿಳಿದದ್ದು ಈ ಕೆಲಸಕ್ಕೆ ಸೇರಿದ ಮೇಲೆ.
ಅಲ್ಲಿಯವರೆಗೆ ಅದು ಬರೀ ಬಿಸ್ಕತ್ತು,
ಅವ್ವನ ಕೆಲಸದ ಮನೆಯವರು ದೀಪಾವಳಿಗೆ ಕೊಡುತ್ತಿದ್ದದ್ದು,
ಪೊಟ್ಟಣದ ತಳಕ್ಕೆ ತುಪ್ಪ ಇಳಿದಿರುತ್ತಿತ್ತು.

ನನ್ನ ಕೆಲಸ ಇಷ್ಟೆ.
ಬ್ರಿಟನ್ನಿನ ಯಾವುದೋ ನೆಲಮಾಳಿಗೆಯಿಂದ
ಸ್ಕ್ಯಾನಾಗಿ ಬಂದ ಹಳೆಯ ಚುನಾವಣಾ ಸಮೀಕ್ಷೆಯ ಹಾಳೆ,
ಪೆನ್ಸಿಲಿನ ಉತ್ತರ ಓದಿ ಅಂಕಿ ಕೊಡಬೇಕು.
ಯಾರಿಗೆ ಹಾಕಿದಿರಿ? ಒಂದು, ಎರಡು, ಮೂರು.
ಮನೆಯ ಯಜಮಾನನ ಕಸುಬು? ಅದರಿಂದ ವರ್ಗ.
ಹಾಕಲಿಲ್ಲವೆ, ಯಾಕೆ?
ಕಾಯಿಲೆ, ಒಂದು. ಊರಲ್ಲಿರಲಿಲ್ಲ, ಎರಡು.
ಆಸಕ್ತಿಯಿಲ್ಲ, ಮೂರು. ಇತರೆ, ಎಂಟು.
ಒಂಬತ್ತು ಎಂದರೆ ಉತ್ತರವಿಲ್ಲ.
ಹಾಳೆಗೆ ನಾಲ್ಕು ರೂಪಾಯಿ ಎಪ್ಪತ್ತು ಪೈಸೆ.

ವರ್ಗಗಳ ಪುಸ್ತಕ ಕೇತಕಿ ಮೇಡಂ ಮೇಜಿನ ಮೇಲೆ.
ವಕೀಲ ಎಲ್ಲರಿಗಿಂತ ಮೇಲೆ, ಗುಮಾಸ್ತ ನಡುವೆ,
ಗಿರಣಿಯ ಮಗ್ಗದವ ಅರೆಕುಶಲ,
ಗಾರೆ ಹೊರುವವ ಕಟ್ಟಕಡೆ.
‘ಅವರಲ್ಲಿ ಜಾತಿ ಇಲ್ಲ ನೋಡು, ಬರೀ ಕಸುಬು’
ಎನ್ನುತ್ತಾರೆ ಮೇಡಂ,
ತಮ್ಮ ಲೋಟ ತಾವೇ ತೊಳೆದು ಬೇರೆ ಇಡುತ್ತ.

ಇಂದು ಸಿಕ್ಕವಳು ನಾಲ್ಕುನೂರ ಹದಿನೇಳನೆಯವಳು.
ಉತ್ತರದ ಗಿರಣಿ ಊರು, ವಯಸ್ಸು ಐವತ್ತೆರಡು,
ವಿಧವೆ, ಆಫೀಸು ಗುಡಿಸುತ್ತಾಳೆ.
ಯಜಮಾನನ ಕಸುಬಿನ ಮುಂದೆ
ಸತ್ತು ಒಂಬತ್ತು ವರ್ಷವಾದ ಗಂಡ ಇನ್ನೂ ನೂಲು ಸುತ್ತುತ್ತಿದ್ದಾನೆ.
ಓಟು? ಹಾಕಲಿಲ್ಲ. ಯಾಕೆ?
ಕೇಳಿದವನು ಅವಳ ಮಾತಲ್ಲೇ ಬರೆದುಕೊಂಡಿದ್ದಾನೆ:
ನಾಲ್ಕಕ್ಕೆ ಎದ್ದಿದ್ದೆ. ಸಂಜೆ ಹೋದೆ. ಮಳೆ, ಬೂಟಿಗೆ ತೂತು.
ಶಾಲೆಯ ಬಾಗಿಲ ತನಕ ಹೋದೆ.
ಒಳಗೆಲ್ಲ ಒಳ್ಳೆಯ ಕೋಟಿನವರು. ತಿರುಗಿ ಬಂದೆ.
ಅಂಚಿನಲ್ಲಿ, ಇನ್ನೂ ಸಣ್ಣ ಅಕ್ಷರ:
ಚಹಾ ಕೊಟ್ಟಳು, ಹಾಲಿರಲಿಲ್ಲ.

ಯಾವ ಅಂಕಿ ಇದಕ್ಕೆ?
ಆಸಕ್ತಿಯಿಲ್ಲ ಅನ್ನಲೆ, ಬಾಗಿಲ ತನಕ ಹೋದವಳಿಗೆ?

ನಮ್ಮವ್ವ ಜಗದೇವಿ, ಆಳಂದದ ಕಡೆಯವಳು,
ಪರ್ವತಿ ಗುಡ್ಡದ ಬೆನ್ನಿಗಂಟಿದ ತಗಡಿನ ಮನೆಯಲ್ಲಿ
ಇಪ್ಪತ್ತಾರು ವರ್ಷ.
ಹೋದ ಚುನಾವಣೆಗೆ ಪೆಟ್ಟಿಗೆಯ ಸೀರೆ ತೆಗೆದುಟ್ಟು
ಅರ್ಧ ದಿನದ ಪಗಾರ ಬಿಟ್ಟು ಸಾಲಿನಲ್ಲಿ ನಿಂತಳು.
ಪಟ್ಟಿಯಲ್ಲಿ ‘ಜಗದೇವ, ಗಂಡಸು, ಇಪ್ಪತ್ತಮೂರು’.
ಮೇಜಿನ ಹುಡುಗ ನಕ್ಕು ಹಿಂದಿನವರನ್ನು ಕರೆದ.
‘ಸರ್ಕಾರದಾಗ ನಾ ಗಂಡಸ ಅಂತವ್ವಾ!’
ರಾತ್ರಿ ಅವ್ವನೂ ನಕ್ಕಳು. ಆಮೇಲೆ
ನಾದಿ ಮುಗಿದ ಹಿಟ್ಟನ್ನೇ
ಬಹಳ ಹೊತ್ತು ನಾದುತ್ತ ಕೂತಳು.

ಮರುದಿನ ಕೆಲಸದ ಮನೆಯಲ್ಲಿ ಬೆರಳು ನೋಡಿ ಕೇಳಿದರಂತೆ:
ಯಾಕೆ ಬಾಯಿ, ಹಾಕಲಿಲ್ಲವೇ? ನೀವೇ ಹೀಗಾದರೆ ಹೇಗೆ?
ಅವ್ವ ಒರೆಸುವ ಬಟ್ಟೆ ಹಿಂಡಿದಳು, ಬಕೆಟ್ಟಿನ ಮೇಲೆ,
ಕೊನೆಯ ಹನಿಯ ತನಕ.
ಒಂಬತ್ತು.

‘ಒಂದು ಹಾಳೆಗೆ ಎಷ್ಟು ಹೊತ್ತು? ಎಂಟು ಹಾಕು, ಮುಂದೆ ಹೋಗು’
ಮೇಡಂ ಕೂಗಿದರು. ಹಾಕಿದೆ.
ಬಲತುದಿಯಲ್ಲಿ ಟಿಪ್ಪಣಿಯೆಂಬ ಒಂದು ಕಾಲಮ್ಮಿದೆ,
ಅರವತ್ತು ಅಕ್ಷರದ ಜಾಗ, ಯಾರೂ ತೆರೆದು ನೋಡುವುದಿಲ್ಲ.
ಅಲ್ಲಿ ಕನ್ನಡದಲ್ಲೇ ಒತ್ತಿದೆ: ಬಾಗಿಲ ತನಕ ಹೋಗಿದ್ದಳು.
ಯಂತ್ರಕ್ಕೆ ನಮ್ಮ ಲಿಪಿ ಬರುವುದಿಲ್ಲ,
ತೆರೆಯ ಮೇಲೆ ಮೂಡಿದ್ದು
ಖಾಲಿ ಚೌಕಗಳ ಒಂದು ಸಾಲು.
ಅಳಿಸಬೇಕಿತ್ತು. ಬಿಟ್ಟೆ.

ನಾಲ್ಕುನೂರ ಹದಿನೆಂಟು.
ಗಂಡಸು, ವಕೀಲ, ಸ್ವಂತ ಮನೆ.
ಹಾಕಿದ್ದಾನೆ.
ಒಂದು.